ಕಾರ್ಡಿನ ಮೇಲೊಂದು ಸೇವಂತಿಗೆ

ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ತಮ್ಮ ಎಲ್ಲರೆದುರು ಬೈಸಿಕೊಳ್ಳುವಾಗಲೂ ಬಾಯಿ ಬಿಡಲಿಲ್ಲ. ವಾರವಾರ ಪತ್ರಿಕೆಯ ಈ ಜಾಗದಲ್ಲಿ ನಿಮಗೆ ಊರ ಮೇಲಿನ ಮಾತೆಲ್ಲ ಹೇಳುವ ಬಾಯಿ ಇದೇ!

ಆಯುಧಪೂಜೆಯ ದಿನ ರಾಜಾಜಿನಗರದ ನಮ್ಮ ಮನೆಯಲ್ಲಿ ಕುಂಕುಮ ಕಾಣದ ವಸ್ತುವೇ ಇರುವುದಿಲ್ಲ. ನನ್ನ ಹೊಲಿಗೆ ಮಿಷಿನ್ನು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ, ಸೈಕಲ್ಲು. ಹಾಗಿರುವಾಗ ತಮ್ಮನ ಆಯುಧವನ್ನು ಬಿಡುವುದುಂಟೇ?

ತಮ್ಮ ಮಂಜು ಕಂಪ್ಯೂಟರ್ ಇರುವ ಕಡೆ ಕೆಲಸದಲ್ಲಿದ್ದಾನೆ. (ಕಂಪ್ಯೂಟರ್ ಎಂದರೆ ಕೋಣೆ ತುಂಬ ನಿಂತ ಬೀರುಗಳು. ಅದಕ್ಕೆ ಸೆಕೆಯಾಗಬಾರದೆಂದು ಏರ್ ಕಂಡಿಷನ್. ನಮಗೆ ಬೀಸಣಿಗೆ.) ಅದಕ್ಕೆ ಏನು ಹೇಳುವುದಿದ್ದರೂ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆದು ಹೇಳಬೇಕು. ಮಂಜು ತಿಂಗಳುಗಟ್ಟಲೆ ಕೂತು ಅಂಥ ಕಾರ್ಡುಗಳನ್ನು ಒಂದು ಡಬ್ಬದ ತುಂಬ ಮಾಡಿದ್ದ. ಅವನ್ನು ನುಂಗಿದರೆ ಮಿಷಿನ್ನಿಗೆ ಹುಲಿ-ಕುರಿ ಆಟ ಬರುತ್ತದಂತೆ. ಹುಲಿ ಮಿಷಿನ್ನಿನದು, ಕುರಿ ನನ್ನದು. ಚಿಕ್ಕಂದಿನಲ್ಲಿ ನೆಲದ ಮೇಲೆ ಗೆರೆ ಎಳೆದು ಅವನಿಗೆ ಆ ಆಟ ಕಲಿಸಿದವಳು ನಾನು. ಅದಕ್ಕೇ ಮಿಷಿನ್ನಿನ ಎದುರು ಆಡಲು ನನ್ನನ್ನು ಕರೆದಿದ್ದ.

ಆಟ ನಡೆದರೆ, ಮಿಷಿನ್ನಿಗೆ ಯೋಚನೆ ಕಲಿಸುವ ಹೊಸ ಪ್ರಾಜೆಕ್ಟಿಗೆ ಅವನ ಹೆಸರು. ನಡೆಯದಿದ್ದರೆ ಮತ್ತೆ ಸಂಬಳದ ಬಿಲ್ಲು ಪ್ರಿಂಟ್ ಮಾಡಿಸುವ ಕೆಲಸ.

ಪೂಜೆಯ ದಿನ ಮಂಜು ಸ್ನೇಹಿತನ ಮನೆಗೆ ಹೋಗಿದ್ದ. ನಾನು ಡಬ್ಬಕ್ಕೆ ಕುಂಕುಮ ಹಚ್ಚಿದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಮುಚ್ಚಳ ತೆಗೆದೆ. ನೀರಿನಲ್ಲಿ ನೆನೆದಿದ್ದ ದಪ್ಪ ಸೇವಂತಿಗೆಯೊಂದನ್ನು ಕಾರ್ಡುಗಳ ಮೇಲಿಟ್ಟು, ಕೈಮುಗಿದು ಮುಚ್ಚಿದೆ.

ದಶಮಿಯ ರಜೆ ಕಳೆದು, ಆಟ ತೋರಿಸಬೇಕಿದ್ದ ದಿನ ಬೆಳಿಗ್ಗೆ ತೆಗೆದು ನೋಡುತ್ತೇನೆ, ಮೇಲಿನ ಕಾರ್ಡುಗಳು ಒದ್ದೆಯಾಗಿ ಉಬ್ಬಿವೆ. ಮಂಜು ಬಚ್ಚಲಲ್ಲಿದ್ದ. ಬಟ್ಟೆ ಹೊಲಿಯುವವಳ ಬುದ್ಧಿ ಎಲ್ಲಿಗೆ ಓಡುತ್ತದೆ? ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದೆ. ಒಂದೊಂದೇ ಕಾರ್ಡು, ಮೇಲೊಂದು ಬಟ್ಟೆ, ಅದರ ಮೇಲೆ ಇಸ್ತ್ರಿ. ಕಣ್ಣಿಗೆ ಚೆನ್ನಾಗಿಯೇ ಕಂಡವು. ಮೊದಲಿದ್ದ ಹಾಗೆಯೇ ಜೋಡಿಸಿಟ್ಟೆ.

“ಡಬ್ಬಕ್ಕೂ ಕುಂಕುಮ ಇಟ್ಟಿದೀಯಲ್ಲೇ ಅಕ್ಕ!” ಮಂಜು ತಲೆ ಒರೆಸಿಕೊಳ್ಳುತ್ತ ನಕ್ಕ. “ಒಳಗೆ ಏನೂ ಮುಟ್ಟಿಲ್ಲ ತಾನೆ?”

ಇಲ್ಲ ಎಂದು ತಲೆಯಾಡಿಸಿದೆ.

ಬಸ್ಸಿನಲ್ಲಿ ಅವನ ಮಾತು ನಿಲ್ಲಲಿಲ್ಲ. ಅಮೆರಿಕದಲ್ಲಿ ಒಂದು ಮಿಷಿನ್ನು ಚದುರಂಗ ಆಡುತ್ತದಂತೆ. ಇನ್ನೊಂದಕ್ಕೆ ‘ಕೆಂಪು ತುಂಡು ಎತ್ತಿಡು’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಎತ್ತಿಡುತ್ತದಂತೆ. ಮತ್ತೊಂದು, ದುಃಖ ಹೇಳಿಕೊಂಡರೆ ಡಾಕ್ಟರ ಹಾಗೆ ತಿರುಗಿ ಪ್ರಶ್ನೆ ಕೇಳುತ್ತದಂತೆ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೋಂಕಿಗೆ ಔಷಧಿ ಸೂಚಿಸುವ ಮಿಷಿನ್ನು.

“ಯಾಕೆ ಹಾಗಂದೆ ಅಂತ ಕೇಳಿದ್ರೆ ಕಾರಣಾನೂ ಹೇಳುತ್ತೆ ಕಣೇ.”

“ತಪ್ಪು ಮಾಡಿದ್ರೂನಾ?”

“ತಪ್ಪಾದ್ರೂ ಅಷ್ಟೆ. ಹೇಗೆ ಯೋಚಿಸ್ತು ಅಂತ ಬಿಡಿಸಿ ಹೇಳುತ್ತೆ. ಅದಕ್ಕೇನು ನಾಚಿಕೆನಾ?”

ಆಗಲೇ ಹೇಳಬಹುದಿತ್ತು. ನಾನು ಕಿಟಕಿಯಾಚೆ ನೋಡಿದೆ.

ಕಂಪ್ಯೂಟರ್ ಕೋಣೆಯ ಚಳಿಗೆ ಸೆರಗು ಹೊದ್ದುಕೊಂಡೆ. ಮಂಜುವಿನ ಸಾಹೇಬರು ಕೈಕಟ್ಟಿ ನಿಂತಿದ್ದರು. ಆಪರೇಟರ್ ಕಾರ್ಡುಗಳ ಅಂಚು ಕುಟ್ಟಿ, ಅವನ್ನು ಓದುವ ಯಂತ್ರದಲ್ಲಿಟ್ಟ. ಆಗಲೂ ಸಮಯವಿತ್ತು. ‘ನಿಲ್ಲಿಸಿ’ ಎಂದಿದ್ದರೆ ಸಾಕಿತ್ತು. ಆಪರೇಟರ್ ಗುಂಡಿ ಒತ್ತಿದ.

ಟಕ್. ಟಕ್. ಕರ್ರ್. ನಿಂತೇ ಹೋಯಿತು.

ಆಪರೇಟರ್ ಹರಿದ ಕಾರ್ಡೊಂದನ್ನು ಎಳೆದು ತೆಗೆದ. “ಏನ್ ಗುರುವೇ, ಕಾರ್ಡ್ ತಂದಿದೀಯೋ ಹಪ್ಪಳ ತಂದಿದೀಯೋ? ನೀರು ಬಿದ್ದು ಸೊಟ್ಟಗಾಗಿದೆ ಸಾರ್.”

“ಯಾಕ್ರೀ ಹೀಗಾಯ್ತು?” ಸಾಹೇಬರು ಕೇಳಿದರು.

ಮಂಜು ನನ್ನ ಕಡೆ ನೋಡಿದ. ಒಂದೇ ಕ್ಷಣ. ಆಮೇಲೆ, “ನಂದೇ ತಪ್ಪು ಸಾರ್. ನೀರಿನ ಹತ್ರ ಇಟ್ಟಿದ್ದೆ,” ಎಂದ.

“ಒಂದು ಡಬ್ಬ ನೋಡ್ಕೊಳಕ್ಕಾಗಲ್ಲ, ಪ್ರಾಜೆಕ್ಟ್ ನೋಡ್ಕೋತೀರಾ? ಈ ವಾರವೇ ಹೆಸರು ಕಳಿಸಬೇಕು. ಬೇರೆಯವರದ್ದು ಕಳಿಸ್ತೀನಿ.”

‘ಯಾಕೆ’ ಎಂದು ಕೇಳಿದರೆ ಉತ್ತರ ಕೊಡುವ ಮಿಷಿನ್ನು ಎಲ್ಲೋ ಸಮುದ್ರದಾಚೆ ಇದೆಯಂತೆ. ಇಲ್ಲಿ, ಉತ್ತರ ಗೊತ್ತಿದ್ದ ನಾನು ಸೆರಗು ತಿರುಚುತ್ತ ನಿಂತಿದ್ದೆ.

ಸಂಜೆ ಏನು ಮಾಡಿದೆ ಹೇಳಿ? ನಮ್ಮ ಮನೆಗಳಲ್ಲಿ ದೊಡ್ಡವರು ಮಾಡುವುದನ್ನೇ. ಅವನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಥಟ್ಟನೆ ‘ಸಾರಿ’ ಬರುತ್ತದೆ. ಒಡಹುಟ್ಟಿದವರಿಗೆ ಮಾತ್ರ ತುಪ್ಪ. ಚಿಕ್ಕವರ ಮುಂದೆ ‘ತಪ್ಪಾಯ್ತು’ ಎಂದರೆ ನಮ್ಮ ದೊಡ್ಡತನ ಕರಗಿ ಹೋಗುತ್ತದಲ್ಲ!

ಮಂಜು ತಟ್ಟೆ ಸರಿಸಿದ. “ಸಾಕು ಬಿಡೇ. ತುಪ್ಪ ಹಾಕಿದ್ರೆ ಕಾರ್ಡು ನೆಟ್ಟಗಾಗುತ್ತಾ?”

ಮರುದಿನ ಅವನ ಹಿಂದೆಯೇ ಹೊರಟೆ. ಅವನು ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಸಾಹೇಬರು ಹೆಸರು ಬರೆಯಲು ಪೆನ್ನಿನ ಕ್ಯಾಪು ತೆಗೆದು ಕೂತಿದ್ದರು. ಕುಳಿತುಕೊಳ್ಳಿ ಎನ್ನುವ ಮೊದಲೇ ಶುರುಮಾಡಿದೆ. “ಸಾರ್, ಅವನದ್ದೇನೂ ತಪ್ಪಿಲ್ಲ. ಪೂಜೆ ಅಂತ ಒದ್ದೆ ಹೂವಿಟ್ಟೋಳು ನಾನು. ಆಮೇಲೆ ಇಸ್ತ್ರಿ ಮಾಡಿದೆ.”

“ಕಾರ್ಡಿಗೆ ಇಸ್ತ್ರಿನಾ ತಾಯಿ?!”

“ಹೌದು ಸಾರ್. ಕೇಳಿದ್ರೆ ಮುಟ್ಟೇ ಇಲ್ಲ ಅಂದೆ.”

ಸಾಹೇಬರು ನಗಲಿಲ್ಲ. ಮಂಜುವನ್ನು ನೋಡಿದರು, ನನ್ನನ್ನು ನೋಡಿದರು. ಪೆನ್ನಿಗೆ ಕ್ಯಾಪು ಹಾಕಿದರು. “ಯೋಚನೆ ಮಾಡ್ತೀನಿ. ಹೋಗಿ ಬನ್ನಿ.” ಇದನ್ನು ಬರೆಯುವ ಹೊತ್ತಿಗೂ ಯೋಚಿಸುತ್ತಲೇ ಇದ್ದಾರೆ.

ಹೊರಗೆ ಬಂದಾಗ ದೊಡ್ಡ ಭಾರ ಇಳಿಸಿದವಳಂತೆ ಉಸಿರು ಬಿಟ್ಟೆ. ಮಂಜು ಮೆಟ್ಟಿಲ ಮೇಲೆಯೇ ನಿಂತುಬಿಟ್ಟ.

“ಸಾಹೇಬ್ರಿಗೆ ಹೇಳ್ದೆ. ಸರಿ. ನನಗೆ?”

ಜನ ಹತ್ತಿ ಇಳಿಯುತ್ತಿದ್ದರು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸುತ್ತಿರಲಿಲ್ಲ.

“ಮಂಜು, ನಿನ್ನ ಮುಂದೆ ಸುಳ್ಳು ಹೇಳ್ದೆ, ನಿನ್ನ ಬೈತಿದ್ರೂ ಸುಮ್ನೆ ನಿಂತಿದ್ದೆ. ತಪ್ಪಾಯ್ತು ಕಣೋ.”