ಪಿಕೋ ಮೌಶಿಯ ಮರೆವು

ಅವರ ತುಟಿಯ ಎಡತುದಿಯಲ್ಲಿ ಯಾವಾಗಲೂ ಮೂರು ನಾಲ್ಕು ಗುಂಡುಪಿನ್ನುಗಳಿರುತ್ತವೆ. ಮಾತೆಲ್ಲ ಬಲತುದಿಯಿಂದ. ಎಷ್ಟೇ ನಕ್ಕರೂ ಒಂದು ಪಿನ್ನೂ ಬೀಳುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಮಶೀನು ಇಟ್ಟುಕೊಂಡು ಸೀರೆಗೆ ಫಾಲು ಹಚ್ಚಿ, ಅಂಚಿಗೆ ಪಿಕೋ ಹೊಲಿಗೆ ಹಾಕಿಕೊಡುತ್ತಾರೆ. ಹಾಗಾಗಿ ಚಿಕ್ಕಮ್ಮನಂತಿರುವ ಅವರು ನಮಗೆಲ್ಲ ಪಿಕೋ ಮೌಶಿ.

ಬೈಲಿನಲ್ಲಿ ಅವರು ಹೆಸರಾಗಿದ್ದು ಹೊಲಿಗೆಗಿಂತ ಹೆಚ್ಚಾಗಿ ಧಾರಾವಾಹಿಗಳಿಂದ. ಎಂದೋ ಮುಗಿದುಹೋದ ಧಾರಾವಾಹಿಯ ಕಿರಿಸೊಸೆ ಯಾವ ಕಾಯಿಲೆಯ ನಾಟಕ ಮಾಡಿದ್ದಳು, ಹೊಳೆಗೆ ಬಿದ್ದ ನಾಯಕ ಎಷ್ಟು ವಾರಕ್ಕೆ ಮರಳಿ ಬಂದ, ಅಪ್ಪನ ಪಾತ್ರದವನು ಬದಲಾದರೂ ಗೋಡೆಯ ಮೇಲೆ ಯಾವ ಫೋಟೋ ಉಳಿದಿತ್ತು, ಎಲ್ಲ ಬಾಯಿಪಾಠ. ಸೀರೆ ಅಂಗಡಿಯ ಹುಡುಗಿಯರು ತಮ್ಮತಮ್ಮಲ್ಲಿ ಪಂದ್ಯ ಕಟ್ಟಿ ತೀರ್ಪಿಗೆ ಅವರಲ್ಲಿಗೇ ಓಡಿ ಬರುತ್ತಿದ್ದರು.

"ಬಾವಿಗೆ ಬಿದ್ದ ಸತ್ತಾಳಲ್ಲ, ಆಕಿ ಉಟ್ಟಿದ್ದ ಸೀರಿನ ನಾಕ ತಿಂಗಳ ಮ್ಯಾಲ ನಾದಿನಿ ಮದವ್ಯಾಗ ಉಟ್ಟಾಳ. ಸೆರಗಿನ ಕುಚ್ಚ ನೋಡೇನಿ ನಾ," ಎಂದರೆ ಅದೇ ಕೊನೆಯ ಮಾತು.

ಅವರಿಗೆ ಎದುರುತ್ತರ ಕೊಡಬಲ್ಲವಳು ನನ್ನ ಅವ್ವ ಒಬ್ಬಳೇ. ಅರ್ಧ ತಾಸಿನ ಪಿಕೋ ಕೆಲಸಕ್ಕೆಂದು ಹೋದ ಅವ್ವ ಸಂಜೆಯವರೆಗೂ ವಾದ ಮಾಡಿ ಮನೆಗೆ ಬರುತ್ತಿದ್ದಳು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಕೈ ಕೆಲವೇ ವಾರಗಳಲ್ಲಿ ಸುಧಾರಿಸಿತು, ಮಾತು ಬರಲಿಲ್ಲ. "ಬಂದರೂ ಬರಬಹುದು, ಖಾತ್ರಿ ಹೇಳಾಕ ಆಗೂದಿಲ್ಲ. ನೀವಂತೂ ಮಾತಾಡಸೂದು ಬಿಡಬ್ಯಾಡ್ರಿ," ಎಂದರು ಡಾಕ್ಟರು. ನಾನು ಕೆಲಸ ಮಾಡುವ ಕಾರ್ಖಾನೆಯ ಆಫೀಸಿಗೆ ರಜೆ ಹಾಕಿ, ಕೆಲಗೇರಿಯ ಮನೆಯಲ್ಲಿ ನಾನು ಅವ್ವನ ಮುಂದೆ ಲೋಟ, ಚಮಚ ಹಿಡಿದು ಕೂತೆ. "ಏನಿದು? ಹೇಳವ್ವಾ." ನನಗೆ ಅಕ್ಷರ ಕಲಿಸಿದವಳು ಅವಳು. ನನ್ನನ್ನೊಮ್ಮೆ ನೋಡಿ ಗೋಡೆಗೆ ಮುಖ ಮಾಡುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ, ಕರೆದರೂ ಕಣ್ಣು ತೆರೆಯದಾದಳು. ಹೆದರಿಕೆಯಿಂದ ನಾನು ಕೇಳುವುದನ್ನೇ ಬಿಟ್ಟೆ.

ಆಗ ಒಂದು ರಜೆಯ ದಿನ ಮೌಶಿ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬಂದರು. ಆರೋಗ್ಯ ವಿಚಾರಿಸಲಿಲ್ಲ. ಮಂಚದ ತುದಿಗೆ ಕೂತು, "ಅಕ್ಕಾರ, ಎರಡ ತಿಂಗಳ ಕತಿ ಉಳದೈತಿ. ಕೇಳ್ರಿ," ಎಂದು ಶುರು ಮಾಡಿದರು. ಅವ್ವ ಕಣ್ಣು ತೆರೆದು ಅವರ ಮುಖವನ್ನೇ ನೋಡುತ್ತಿದ್ದಳು. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ.

ನಾಲ್ಕನೆಯ ಸಲ ಬಂದಾಗ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. "ಆಸ್ತಿ ಕಾಗದ ಕದ್ದಾಂವ ಸಣ್ಣ ಮಗ ನೋಡ್ರಿ," ಎಂದರು ಮೌಶಿ. ನನಗೇ ಆಶ್ಚರ್ಯವಾಯಿತು. ಕದ್ದವಳು ಅತ್ತೆ ಎಂಬುದು ಧಾರಾವಾಹಿ ನೋಡದ ನನಗೂ ಗೊತ್ತಿತ್ತು. ಲಕ್ವಾ ಹೊಡೆಯುವ ಮೊದಲು ಅವ್ವ ಆ ಅತ್ತೆಯನ್ನು ಅಷ್ಟು ಬೈದಿದ್ದಳು.

ಮಂಚ ಕಿರ್ ಎಂದಿತು.

"ಅ... ಅಲ್ಲ."

ನಾನು ಸೋಸಣಿಗೆ ಇಟ್ಟು ಅಡುಗೆಮನೆಯ ಬಾಗಿಲಿಗೆ ಬಂದೆ.

"ಅತ್ತಿ."

"ಅಯ್ಯ, ಅತ್ತಿ ಎಲ್ಲೀದ ತಂದ್ರಿ? ಸಣ್ಣ ಮಗನರಿ," ಎಂದು ಮೌಶಿ ಹಟ ಹಿಡಿದರು.

"ಅತ್ತಿ! ಅತ್ತಿ!" ಅವ್ವ ಮಂಚವನ್ನು ಬಡಿದಳು.

"ಆತ ಬಿಡ್ರಿ, ನಿಮ್ಮದ ಖರೇ," ಎಂದು ಮೌಶಿ ಎದ್ದು ಅಡುಗೆಮನೆಗೆ ಬಂದು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. "ಅತ್ತಿ ಅಂತ ನನಗ ಗೊತ್ತಿಲ್ಲೇನ ಯವ್ವಾ? ನಾ ತಪ್ಪ ಹೇಳಿದ್ರ ನಿಮ್ಮವ್ವ ಸುಮ್ನ ಕೂಡಾಕಿ ಅಲ್ಲ," ಎಂದು ಪಿಸುಗುಟ್ಟಿದರು. ಅಳುತ್ತಲೇ ಇಬ್ಬರೂ ನಕ್ಕೆವು.

ಆಮೇಲೆ ಪ್ರತಿ ವಾರವೂ ಮೌಶಿ ತಪ್ಪು ಹೇಳಿದರು. ಅವ್ವ ತಿದ್ದಿದಳು. ಒಂದು ಮಾತು ಎರಡಾಯಿತು, ಎರಡು ವಾಕ್ಯವಾಯಿತು. ಈಗ ತಡವರಿಸಿದರೂ ಎಲ್ಲವನ್ನೂ ಮಾತನಾಡುತ್ತಾಳೆ.

ಹೋದ ತಿಂಗಳು ಅವ್ವನನ್ನು ದುರ್ಗದಬೈಲಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗಿಯರ ಎದುರಿಗೇ ಅವ್ವ, "ಪಾಪ, ಇವರಿಗೆ ಮರವು ಭಾಳ ಆಗೇತಿ. ಇನ್ನ ಮ್ಯಾಲ ಏನರ ಕೇಳೂದಿದ್ರ ನನ್ನ ಕೇಳ್ರಿ," ಎಂದಳು. ಹುಡುಗಿಯರು ಮೌಶಿಯನ್ನು ಕನಿಕರದಿಂದ ನೋಡಿದರು. ನನಗೆ ತಡೆಯಲಾಗಲಿಲ್ಲ. ನಿಜ ಹೇಳಲು ಬಾಯಿ ತೆರೆದೆ. ಮೌಶಿ ನನ್ನ ಮುಂಗೈ ಹಿಡಿದು ಪಕ್ಕಕ್ಕೆಳೆದರು.

"ಬ್ಯಾಡ ಯವ್ವಾ. ಗೊತ್ತಾದ್ರ ನಾಳಿಂದ ನನ್ನ ತಿದ್ದೂದ ಬಿಡ್ತಾಳ."

ನಾನು ಇಂದಿಗೂ ಹೇಳಿಲ್ಲ.