ಹಕ್ಕಿಗೊಂದು ಪಿಂಡ

ಎಪ್ಪತ್ತರ ದಶಕದ ಮೊದಲಲ್ಲಿ, ನಾನು ನಾಸಿಕದ ಮರಾಠಿ ಶಾಲೆಯಲ್ಲಿ ಏಳನೇ ಇಯತ್ತೆ ಓದುತ್ತಿದ್ದಾಗ, ಔರಂಗಾಬಾದಿನ ಭಾಷಣ ಸ್ಪರ್ಧೆಗೆ ನನ್ನ ಹೆಸರು ಹೋಯಿತು. ವಿಷಯ ನಾನೇ ಆರಿಸಿದ್ದು: ನ್ಯೂಜಿಲೆಂಡಿನಲ್ಲಿ ಒಂದೂ ಉಳಿಯದೆ ಹೋದ ಹುಯಾ ಎಂಬ ಹಾಡುಹಕ್ಕಿ, ಮೆಕ್ಸಿಕೋದಲ್ಲಿ ಮುಚ್ಚಿಹಾಕುತ್ತಿರುವ ಕೆರೆಯೊಂದರಲ್ಲಿ ಇನ್ನೇನು ಮುಗಿಯಲಿರುವ ಒಂದು ಸಾಲಮ್ಯಾಂಡರ್. ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದ ಅಪ್ಪ ತಂದ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡರ ಚಿತ್ರವೂ ಇತ್ತು. ಹಕ್ಕಿಯ ಗಂಡಿಗೆ ಮೋಟು ಕೊಕ್ಕು, ಹೆಣ್ಣಿಗೆ ಕುಡುಗೋಲಿನಂಥದು. ಸಾಲಮ್ಯಾಂಡರ್ ಹಲ್ಲಿಯ ನೆಂಟನಂತೆ ಕಂಡರೂ ನೀರಲ್ಲೇ ವಾಸ. ಕಾಲು ಹೋದರೆ ಹೊಸದು ಬೆಳೆಸಿಕೊಳ್ಳುತ್ತದೆ.

ನನಗೆ ಬೇಕಾದದ್ದು ಕಪ್. ಅತ್ತರೆ ಕಪ್ ಸಿಗುತ್ತದೆಂದು ಹಿಂದಿನ ವರ್ಷ ಗೆದ್ದವಳನ್ನು ನೋಡಿ ತಿಳಿದುಕೊಂಡಿದ್ದೆ. ಹಾಗಾಗಿ ಎರಡಕ್ಕೂ ಸಮನಾಗಿ ಅತ್ತೆ. ಧಾರವಾಡದಿಂದ ಬಂದಿದ್ದ ಅಜ್ಜಿಯ ಮುಂದೆ ನನ್ನ ಹರಕುಮುರುಕು ಕನ್ನಡದಲ್ಲಿ ದಿನಾ ತಾಲೀಮು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಾಗಲೆಲ್ಲ ನಾನು ಹಿಗ್ಗುತ್ತಿದ್ದೆ.

ಅಜ್ಜಿ ಬಂದದ್ದು ಪಿತೃಪಕ್ಷಕ್ಕೆ, ಗೋದಾವರಿ ದಂಡೆಯಲ್ಲಿ ಅಜ್ಜನ ಶ್ರಾದ್ಧ ಮಾಡಿಸಲು. ಮನೆಯವರ ಪಿಂಡಗಳೆಲ್ಲ ಮುಗಿದ ಮೇಲೆ ಭಟ್ಟರು, ಹಿಂದೆಮುಂದೆ ಯಾರೂ ಇಲ್ಲದೆ ಸತ್ತವರಿದ್ದರೆ ಹೇಳಿ, ಅವರಿಗೂ ಒಂದು ಇಡೋಣ ಎಂದರು.

"ಒಂದು ಹಕ್ಕಿ ಅದರಿ, ವಂಶಾನ ನಿಂತದ," ಎಂದಳು ಅಜ್ಜಿ. "ಒಂದು ಹಲ್ಲಿನೂ ಅದ."

ಅಪ್ಪ ತಲೆ ತಗ್ಗಿಸಿದ. ಭಟ್ಟರು ಮಾತ್ರ ಒಂದಿಷ್ಟೂ ಅಲುಗದೆ, "ಗೋತ್ರ?" ಎಂದರು.

"ಗೊತ್ತಿಲ್ಲದವರಿಗೆ ಕಾಶ್ಯಪ ಅಲ್ಲೇನ್ರಿ?"

ಕಾಶ್ಯಪ ಗೋತ್ರದ ಹಕ್ಕಿಗೆ ಪಿಂಡ ಇಟ್ಟಾಯಿತು. ಅಪ್ಪ ಇನ್ನೊಂದು ಉಂಡೆ ಕಟ್ಟತೊಡಗಿದಾಗ ಹೋಗಿ ಅವನ ಕೈ ಹಿಡಿದೆ. "ಬ್ಯಾಡಪ್ಪಾ, ಹಲ್ಲಿ ಇನ್ನೂ ಸತ್ತಿಲ್ಲ."

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಜೀವಂತ ಇದ್ದದ್ದಕ್ಕ ಇಷ್ಟು ದಿನ ಯಾಕ ಅತ್ತಿ? ಸತ್ತವರ ಮನ್ಯಾಗ ಅಳಬೇಕು. ಬ್ಯಾನಿ ಬಿದ್ದವರ ಮನಿಗೆ ಗಂಜಿ ಒಯ್ಯಬೇಕು."

ಎರಡು ಪ್ರಾಣಿಗಳ ನಡುವಿನ ಇಷ್ಟು ನೇರವಾದ ವ್ಯತ್ಯಾಸ ನನ್ನ ಆರು ಪುಟದ ಭಾಷಣದಲ್ಲಿ ಇರಲೇ ಇಲ್ಲ. ನನಗೆ ನಾಚಿಕೆಯಾಯಿತು.

ಔರಂಗಾಬಾದಿನಲ್ಲಿ ಹಕ್ಕಿಗಷ್ಟೇ ಅತ್ತೆ. ಸಾಲಮ್ಯಾಂಡರಿನ ಸರದಿ ಬಂದಾಗ, ಆ ಕೆರೆ ಮುಚ್ಚಬೇಡಿ ಎಂದು ನಲ್ಲಿ ನೀರಿಗೆ ಜಗಳಾಡುವವಳಂತೆ ಕೂಗಿದೆ. ಎದುರಿಗಿದ್ದ ತೀರ್ಪುಗಾರರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಮೊದಲಿನಿಂದ ಕೊನೆಯವರೆಗೂ ಬಿಡದೆ ಅತ್ತವಳೊಬ್ಬಳು ಕಪ್ ಒಯ್ದಳು.

ಮನೆಗೆ ಬಂದಾಗ ಅಜ್ಜಿ ಕಪ್ಪಿನ ವಿಚಾರ ಎತ್ತಲೇ ಇಲ್ಲ. "ಆ ಹಲ್ಲಿ ಉಳೀತದೇನ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ಅಷ್ಟು ಹೇಳುವಷ್ಟರಲ್ಲಿ, ಕರೆದಾಗಲೆಲ್ಲ ಬರುತ್ತಿದ್ದ ಅಳು ಮೊದಲ ಸಲ ಕರೆಯದೇ ಬಂತು.

"ಅಳಬ್ಯಾಡ," ಅಜ್ಜಿ ಗದರಿದಳು. "ಇನ್ನೂ ಜೀವ ಅದ ಅಂದಿಯಲ್ಲ."