ಟೌನೋ ಸಾಲ್ಮಿಯ ಹೆಗಲಿಗೆ ಒಗ್ಗುವ ಕೋವಿ

ಕಾಲಿಗೆ ಬೂಟಿನ ಅಳತೆ ಇರುವ ಹಾಗೆ ಪ್ರತಿಯೊಬ್ಬ ಮನುಷ್ಯನಿಗೂ ಒಂದು ಕೋವಿಯ ಅಳತೆ ಇರುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಇದಕ್ಕೆ ಕಾರಣ ನಮ್ಮಪ್ಪ. ಮೊದಲ ಸಲ ಜಿಂಕೆ ಬೇಟೆಗೆ ಕರೆದುಕೊಂಡು ಹೋಗುವ ಮುಂಚೆ ನನ್ನನ್ನು ಊರಿನ ಹಾರ್ಡ್‌ವೇರ್ ಅಂಗಡಿಗೆ ಕರೆತಂದು ಕೌಂಟರಿನ ಮುಂದೆ ನಿಲ್ಲಿಸಿದ. ಅಂಗಡಿಯವನು ಒಂದು ರೈಫಲ್ಲನ್ನು ನನ್ನ ಹೆಗಲಿಗೆ ಆನಿಸಿ, ಮೊಣಕೈ ನೋಡಿ, ಕತ್ತು ನೋಡಿ, "ಇವನಿಗೆ ಟೂ-ಫಾರ್ಟಿ-ತ್ರೀ ಸರಿಹೋಗತ್ತೆ" ಎಂದ. ಹಿಮದ ಬೂಟು ಕೊಡುವಾಗಲೂ ಅವನು ಇದೇ ಮುಖ ಮಾಡಿದ್ದ. ನಾನು ಬೆಳೆದ ಹಾಗೆ ನನ್ನ ಕೋವಿಯೂ ಬೆಳೆಯುತ್ತದೆ ಎಂದುಕೊಂಡೆ. ಶಾಲೆಯಲ್ಲಿ ಎಲ್ಲರಿಗೂ, ನಮ್ಮಪ್ಪನದು ತರ್ಟಿ-ಆಟ್-ಸಿಕ್ಸ್ ಎಂಬ ದೊಡ್ಡ ಅಳತೆ, ನಮ್ಮ ಲೆಕ್ಕದ ಮೇಷ್ಟ್ರು ಅಳಿಲು ಹೊಡೆಯುವ ಟ್ವೆಂಟಿ-ಟೂಗಿಂತ ಮೇಲೆ ಹೋಗಲಾರರು ಎಂದು ಹೇಳಿಕೊಂಡು ತಿರುಗಿದೆ. ಅದು ಮೇಷ್ಟ್ರ ಕಿವಿಗೂ ಬಿತ್ತು.

ಈಗ ಅದೇ ಕೌಂಟರಿನ ಈಚೆ ಬದಿಯಲ್ಲಿ ಸಂಬಳಕ್ಕೆ ನಿಂತಿದ್ದೇನೆ. ಮೈಮೇಲೆ ಅಂಗಡಿಯ ಕೆಂಪು ಕೋಟು, ಎದೆಯ ಮೇಲೆ 'ಕೋಡಿ' ಎಂಬ ನನ್ನ ಹೆಸರಿನ ಚೀಟಿ, ಎಡಕ್ಕೆ ಬಣ್ಣದ ಡಬ್ಬಿ, ಬಲಕ್ಕೆ ಇಲಿ ಬೋನು, ಬೆನ್ನ ಹಿಂದೆ ಸಾಲಾಗಿ ರೈಫಲ್ಲುಗಳು. ಕ್ಯಾಲಿಬರ್ ಎಂದರೆ ನಳಿಗೆಯ ತೂತಿನ ಅಗಲ, ಮನುಷ್ಯನದ್ದಲ್ಲ ಎಂದು ಈಗ ಗೊತ್ತು. ಅದಕ್ಕಿಂತ ಹೆಚ್ಚೇನೋ ಗೊತ್ತಿದೆ ಎಂದು ಗಿರಾಕಿಗಳು ನಂಬಿದ್ದಾರೆ. ಜಿಂಕೆಗೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ತಲೆ ವಾರೆ ಮಾಡಿ, "ಎಷ್ಟು ದೂರದಿಂದ ಹೊಡೀತೀರಿ?" ಎನ್ನುತ್ತೇನೆ. ಏನೇ ಉತ್ತರ ಬಂದರೂ "ಓ, ಹಾಗಾ" ಎನ್ನುತ್ತೇನೆ. ಅಷ್ಟರಲ್ಲಿ ಅವರೇ ತೀರ್ಮಾನಕ್ಕೆ ಬಂದಿರುತ್ತಾರೆ. ನಮ್ಮ ಉತ್ತರ ಮಿಶಿಗನ್ನಿನಲ್ಲಿ ಗಂಡಸರು ದೇವರ ಬಗ್ಗೆ ಅನುಮಾನ ಪಟ್ಟಾರು, ತಮ್ಮ ಕ್ಯಾಲಿಬರಿನ ಬಗ್ಗೆ ಪಡುವುದಿಲ್ಲ.

ಟೌನೋ ಸಾಲ್ಮಿಯವರಂತೂ ಈ ವಿಷಯದಲ್ಲಿ ಬಾಯಿ ಬಿಟ್ಟವರೇ ಅಲ್ಲ. ಅವರಿಗೆ ತರ್ಟಿ-ಆಟ್-ಸಿಕ್ಸ್ ಇತ್ತು, ಅವರಪ್ಪನಿಗೂ ಅದೇ ಇತ್ತು, ಮಾತು ಮುಗಿಯಿತು. ಕೆಲಸದಲ್ಲಿದ್ದಷ್ಟು ಕಾಲ ಅವರು ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವರು. ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಬೀಸುವ ದಿನಗಳಲ್ಲಿ ರಸ್ತೆ ಎಲ್ಲಿ, ಚರಂಡಿ ಎಲ್ಲಿ ಎಂದು ತಿಳಿಯುವುದಿಲ್ಲ. ಮನೆಮನೆಯ ಮುಂದೆ ಕಂಬದ ಮೇಲೆ ಕೂರಿಸಿದ ಅಂಚೆ ಡಬ್ಬಿಗಳಲ್ಲಿ ಆಗ ಅವರ ಲಾರಿ ತಗುಲಿ ಮುರಿಯದ್ದು ನಮ್ಮ ರಸ್ತೆಯಲ್ಲಿ ಒಂದೂ ಉಳಿದಿರಲಿಲ್ಲ. ಹಿಮ ಕರಗಿದ ಮೇಲೆ ಅವರೇ ಹಾರೆ, ಹೊಸ ಕಂಬ ಹಿಡಿದು ಮನೆಮನೆಗೆ ಬರುತ್ತಿದ್ದರು. ತಾವು ಬೀಳಿಸಿದ್ದನ್ನು ತಾವೇ ನೆಟ್ಟು, ಕಾಫಿ ಕುಡಿದು, ಒಂದು ಮಾತೂ ಆಡದೆ ಹೋಗುತ್ತಿದ್ದರು. ನಮ್ಮ ಮನೆಯ ಮುಂದಿನ ಕಂಬ ಅವರು ನೆಟ್ಟದ್ದೇ. ಸ್ವಲ್ಪ ವಾಲಿದೆ, ಆದರೆ ಬಿದ್ದಿಲ್ಲ. ಅವರ ಹೆಂಡತಿ ಬರ್ನಿಸ್ ಹೇಳುವುದುಂಟು: "ಮದುವೆ ಆಗೋಣ್ವಾ ಅಂತ ಕೇಳಿದ್ದೂ ನಾನೇ, ಹೂಂ ಅಂದಿದ್ದೂ ನಾನೇ. ಅವರು ಪಕ್ಕದಲ್ಲಿ ನಿಂತಿದ್ರು ಅಷ್ಟೆ."

ಕಾಡಿನೊಳಗೆ ನಮ್ಮದೊಂದು ಬೇಟೆಯ ಕ್ಯಾಂಪ್ ಇದೆ. ಹಲಗೆಯ ಗುಡಿಸಲು, ಮೇಲೆ ಡಾಂಬರು ಕಾಗದ, ಪಕ್ಕದಲ್ಲಿ ಅದಕ್ಕಿಂತ ಚೆನ್ನಾಗಿ ಕಟ್ಟಿದ ಸೌನಾದ ಬಿಸಿಮನೆ. ಅಪ್ಪ ಮಂಡಿ ನೋವೆಂದು ಬರುವುದನ್ನು ಬಿಟ್ಟ ಮೇಲೆ ಅವನ ಮಂಚ ನನಗೆ ಬಂತು. ಅಲ್ಲಿ ಒಂದೇ ಕಾನೂನು. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು, ತೊಲೆಗೆ ಮೊಳೆ ಹೊಡೆಯುವುದು. ಟೌನೋರ ಬಾಲ್ಯದ ಗೆಳೆಯ ಕ್ಲೈಡ್ ಟ್ರೆವಾರೋ ಅವರ ಅಂಗಿಯ ಚೂರುಗಳಿಂದ ಕಿಟಕಿಗೆ ಪರದೆ ಹೊಲಿಸಬಹುದು. ನನ್ನವೂ ಇವೆ. ಒಂದು ಅಂಗಡಿಯ ಕೆಂಪು ಬಟ್ಟೆಯದು. ಟೌನೋ ಹೆಸರಿನ ಚೂರು ಆ ತೊಲೆಯ ಮೇಲೆ ಒಂದೂ ಇಲ್ಲ. ಅವರ ಕೆಂಪು-ಕಪ್ಪು ಚೌಕಳಿಯ ಉಣ್ಣೆ ಅಂಗಿ ಮೊಣಕೈಯಲ್ಲಿ ಸವೆದು ತೂತಾಗಿದೆ, ಹಿಂದಿನ ಅಂಚು ಮಾತ್ರ ಹೊಸದರಂತಿದೆ.

ಅಂಥ ಟೌನೋ ಕಳೆದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಕೌಂಟರಿಗೆ ಬಂದು, ರೈಫಲ್ಲುಗಳ ಕಡೆ ನೋಡದೆ ಇಲಿ ಬೋನುಗಳನ್ನು ನೋಡುತ್ತ ಹೇಳಿದರು.

"ಹೆಗಲು ನೋಯತ್ತೆ ಕಣೋ. ಸ್ವಲ್ಪ ಕಮ್ಮಿ ಒದೆಯೋದು ಯಾವುದಿದೆ?"

ಬಣ್ಣದ ಡಬ್ಬಿ ನೋಡುತ್ತಿದ್ದ ಕ್ಲೈಡ್ ತಿರುಗಿದರು. "ಯಾರು, ಟೌನೋನಾ ಕೇಳ್ತಿರೋದು? ಕೋಡಿ, ಇವನಿಗೆ ಒಂದು ಕವಣೆ ಕೊಡು. ಜೊತೆಗೆ ಮೆತ್ತನೆ ದಿಂಬು."

"ನೀನು ಬಣ್ಣ ತಗೋ, ಹೋಗು."

"ಎಷ್ಟು ದೂರದಿಂದ ಹೊಡೀತೀರಿ?" ಎಂದೆ ನಾನು, ಅಭ್ಯಾಸಬಲದಿಂದ.

"ನಾನು ಎಲ್ಲಿ ಕೂರ್ತೀನಿ ಅಂತ ನಿಂಗೊತ್ತಿಲ್ವೇನೋ?"

"ಓ, ಹಾಗಾ" ಎಂದೆ.

ತ್ರೀ-ಓ-ಎಯ್ಟ್ ಕೊಟ್ಟೆ. ಅದು ಹಳೆಯದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಒದೆಯುತ್ತದೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಮರಗಳ ಎಲೆ ಕೆಂಪಾಗುವಷ್ಟರಲ್ಲಿ ವಾಪಸ್ ತಂದು ಕೌಂಟರಿನ ಮೇಲೆ ಇಟ್ಟರು. "ಇದೂ ಒದೀತದೆ." ಇನ್ನೂ ಚಿಕ್ಕದನ್ನು ಕೊಟ್ಟೆ. ಅದನ್ನೂ ತಂದರು. ಆಮೇಲೆ ಅವರ ಕೈ ಹೋಗಿ ನಿಂತದ್ದು ಗೋಡೆಯ ತುದಿಯಲ್ಲಿದ್ದ ಟೂ-ಫಾರ್ಟಿ-ತ್ರೀ ಮೇಲೆ. ನನ್ನ ಬಾಲ್ಯದ ಅಳತೆ. ಮಕ್ಕಳಿಗೆಂದು ಅಪ್ಪಂದಿರು ಒಯ್ಯುವಂಥದ್ದು.

"ಇದಕ್ಕಿಂತ ಚಿಕ್ಕದು?" ಎಂದು ಕೇಳಿದರು.

"ಇದೆ. ಆದ್ರೆ ಸ್ವಲ್ಪ ಆಚೀಚೆ ಬಿದ್ರೆ ಜಿಂಕೆ ಸಾಯಲ್ಲ ಟೌನೋ. ಗಾಯ ಮಾಡ್ಕೊಂಡು ಓಡತ್ತೆ ಅಷ್ಟೆ."

ನಾನು ಕೌಂಟರಿನ ಹಿಂದೆ ನಿಂತು ಆಡಿದ ಮಾತುಗಳಲ್ಲಿ ಬಹುಶಃ ಇದೊಂದೇ ನಿಜ. ಟೌನೋ ಅದನ್ನು ಕೇಳಿ ಬಣ್ಣಗೆಟ್ಟರು. "ಬೇಡ. ಇದೇ ಇರಲಿ" ಎಂದು ಟೂ-ಫಾರ್ಟಿ-ತ್ರೀ ತೆಗೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ಭಾನುವಾರ ಬರ್ತೀಯೇನೋ? ಇದರ ಮೇಲಿನ ದುರ್ಬೀನು ಸರಿ ಇದ್ಯಾ ನೋಡಬೇಕು" ಎಂದರು. ಅವರು ಯಾರಿಂದಲೂ ಏನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ಹಳೆಯ ಜಲ್ಲಿ ಗುಂಡಿಗೆ ಹೋದೆವು. ಊರವರೆಲ್ಲ ಕೋವಿ ಸರಿ ನೋಡುವುದು ಅಲ್ಲೇ. ಮಣ್ಣಿನ ದಿಬ್ಬಕ್ಕೆ ರಟ್ಟು ಒರಗಿಸಿ, ಟ್ರಕ್ಕಿನ ಮೂತಿಯ ಮೇಲೆ ಮರಳು ಚೀಲ ಇಟ್ಟು, ಟೌನೋ ಹೊಡೆದರು. ಗುಂಡು ರಟ್ಟಿನ ಕೆಳಗೆ ಮಣ್ಣಿಗೆ ಬಿತ್ತು. ಇನ್ನೊಂದು ಅದರ ಪಕ್ಕಕ್ಕೆ. ಮತ್ತೊಂದು ಇನ್ನೂ ಕೆಳಗೆ.

"ದುರ್ಬೀನು ಕೆಟ್ಟಿದೆ" ಎಂದರು.

ನಾನು ಹೊಡೆದೆ. ತೊಲೆಯ ಮೇಲೆ ಅಷ್ಟು ಅಂಗಿ ಚೂರುಗಳಿರುವ ನನ್ನ ಗುಂಡು ರಟ್ಟಿನ ನಡುವೆ ಹೋಗಿ ಕೂತಿತು. ಜೀವನದಲ್ಲಿ ಅಷ್ಟು ಬೇಸರವಾಗುವಂತೆ ನಾನು ಎಂದೂ ಗುರಿ ಹೊಡೆದಿಲ್ಲ.

ಆಗ ನಮ್ಮಪ್ಪ ನನಗೆ ಮಾಡುತ್ತಿದ್ದುದನ್ನೇ ಮಾಡಿದೆ. ಕೋವಿ ತುಂಬಿಕೊಡುವ ನೆಪದಲ್ಲಿ, ಅವರಿಗೆ ತಿಳಿಯದ ಹಾಗೆ, ಮದ್ದಿಲ್ಲದ ಸುಳ್ಳು ತೋಟೆ ಹಾಕಿದೆ. ಟೌನೋ ಕೆನ್ನೆ ಆನಿಸಿದರು, ಉಸಿರು ಹಿಡಿದರು, ಟ್ರಿಗರ್ ಎಳೆದರು. 'ಟಿಕ್' ಎಂದಿತು. ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ಹೆದರಿದ ನಾಯಿ ತಲೆ ತಗ್ಗಿಸುವಂತೆ ಪಟ್ಟನೆ ಕೆಳಗೆ ಬಾಗಿತು. ಅವರ ಕಣ್ಣು ಮುಚ್ಚಿತ್ತು.

ಟೌನೋ ಕಣ್ಣು ತೆರೆದು ನಳಿಗೆಯನ್ನು ನೋಡಿದರು. ನಾನು ಆಕಾಶ ನೋಡಿದೆ.

"ಇನ್ನೊಂದು ಹಾಕು" ಎಂದರು. ಹಾಕಿದೆ. ಸುಳ್ಳೆಂದು ಗೊತ್ತಿದ್ದೂ ಎಳೆದರು. ಮತ್ತೆ ಬಾಗಿತು. ಇಲ್ಲದ ಒದೆತಕ್ಕೆ ಹೆದರುವ ಹೆಗಲಿಗೆ ಯಾವ ಕ್ಯಾಲಿಬರ್ ಕೊಡುವುದು? ನನ್ನ ಗೋಡೆಯ ಮೇಲೆ ಅಂಥದ್ದೊಂದು ಇರಲಿಲ್ಲ.

ಅವರು ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿ ಕೂತರು. ಬರ್ನಿಸ್ ಕಟ್ಟಿಕೊಟ್ಟ ಪಾಸ್ಟಿ ಎಂಬ ಕಡುಬನ್ನು ಮುರಿದು ಅರ್ಧ ನನಗೆ ಕೊಟ್ಟರು. ಒಳಗಿನ ಮಾಂಸ, ಆಲೂಗಡ್ಡೆ ಇನ್ನೂ ಬಿಸಿಯಿತ್ತು. ತಮ್ಮ ಅರ್ಧವನ್ನು ತಿನ್ನದೆ ಹಿಡಿದುಕೊಂಡು ಹೇಳಿದರು.

"ಹೋದ ಸಲ, ಮೊದಲನೇ ದಿನ, ಒಂದು ಹೊಡೆದೆ."

"ನೀವಾ? ಏನೂ ಕಾಣಲಿಲ್ಲ ಅಂದಿದ್ರಿ."

"ಅಂದಿದ್ದೆ. ಗುಂಡು ಹಿಂದಕ್ಕೆ ಬಿತ್ತು. ಹೊಟ್ಟೆಗೆ. ಹಿಮದ ಮೇಲೆ ಬಿಳಿ ಕೂದಲು, ರಕ್ತದಲ್ಲಿ ಹಸಿರು. ಜೌಗಿನೊಳಗೆ ಹೋಯ್ತು. ಹಿಂದೇನೇ ಹೋದೆ. ಮಲಗಿದ ಜಾಗ ಸಿಕ್ತು, ಎದ್ದು ಹೋಗಿತ್ತು. ಇನ್ನೊಂದು ಕಡೆ ಮಲಗಿತ್ತು, ಅಲ್ಲಿಂದಲೂ ಎದ್ದಿತ್ತು. ಆಮೇಲೆ ಹಿಮ ಶುರುವಾಯ್ತು, ಗುರುತೆಲ್ಲ ಮುಚ್ಚಿತು. ಮಾರನೇ ದಿನವೂ ಹುಡುಕಿದೆ. ಅದಕ್ಕೆ ನಾನು ಕ್ಯಾಂಪಿಗೆ ಊಟಕ್ಕೆ ಬರಲಿಲ್ಲ."

"ಹೇಳಬಹುದಿತ್ತಲ್ಲ. ಎಲ್ಲರೂ ಹುಡುಕ್ತಿದ್ವಿ."

"ಏನಂತ ಹೇಳಲಿ? ತಪ್ಪಿದ್ರೆ ಅಂಗಿ ಕತ್ತರಿಸ್ತೀರಿ, ನಗ್ತೀರಿ, ಮುಗೀತು. ನಂದು ತಪ್ಪಲಿಲ್ಲ ಕಣೋ. ತಗುಲಿತು. ಅದಕ್ಕೇನು ಕತ್ತರಿಸ್ತೀರಿ?"

"ಓ, ಹಾಗಾ" ಎನ್ನುವುದೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಅಲ್ಲಿಂದ ಮುಂದೆ ನನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದೆ. ಕಿವಿಗೆ ದಪ್ಪ ಮುಚ್ಚಳ ಕೊಟ್ಟೆ, ಕೋವಿಯ ಬುಡಕ್ಕೆ ರಬ್ಬರ್ ಹಾಕಿಸಿದೆ, ಮನೆಯಲ್ಲಿ ಖಾಲಿ ಕೋವಿ ಹಿಡಿದು ಟಿಕ್ ಟಿಕ್ ಅನ್ನಿಸುತ್ತಾ ಕೂರಿ ಎಂದೆ. ಅವರು ಕೂತರು. ಟಿವಿಯಲ್ಲಿ ಹವಾಮಾನ ಹೇಳುವವನ ಕಡೆಗೇ ಗುರಿ ಹಿಡಿದಿದ್ದಾರೆ ಎಂದು ಬರ್ನಿಸ್ ಅಂಗಡಿಗೆ ಬಂದು ದೂರಿದರು. "ಹಿಮ ಬೀಳತ್ತೆ ಅಂದಾಗ ಟಿಕ್ ಅನ್ನಿಸ್ತಾರೆ. ಅವನದೇನು ತಪ್ಪು ಪಾಪ." ಮತ್ತೆ ಜಲ್ಲಿ ಗುಂಡಿಗೆ ಹೋದಾಗ ನಳಿಗೆ ಮತ್ತೆ ಬಾಗಿತು. ಬೇಟೆಯ ಹಿಂದಿನ ವಾರ ಟೌನೋ ಒಂದು ಡಬ್ಬಿ ತೋಟೆ ಕೊಂಡರು. ಈ ವರ್ಷ ಬಿಡಿ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಚಿಲ್ಲರೆ ಕೊಟ್ಟು, "ಶುಭವಾಗಲಿ" ಎಂದೆ. ಅಂಗಡಿಯಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ.

ನವೆಂಬರ್ ಹದಿನೈದು, ಜಿಂಕೆ ಬೇಟೆ ಶುರುವಾಗುವ ದಿನ, ನಮ್ಮಲ್ಲಿ ಶಾಲೆಗೆ ರಜೆ. ಊರಲ್ಲಿ ಗಂಡಸರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ನಸುಕಿನಲ್ಲಿ ಹೊಸ ಹಿಮ ಬಿದ್ದಿತ್ತು. ಜಿಂಕೆಗೆ ಕಾಣದಂತೆ ಕಟ್ಟಿಕೊಂಡ ಅವರವರ ಮರೆಗಳಲ್ಲಿ ಹೋಗಿ ಕೂತೆವು. ನಾನು ಇಡೀ ದಿನ ಜಿಂಕೆಗಾಗಿ ಕಾಯಲಿಲ್ಲ. ಟೌನೋ ಕೂತ ದಿಕ್ಕಿನಿಂದ ಸದ್ದು ಬರದಿರಲಿ ಎಂದು ಕಾದೆ. ಬರಲಿಲ್ಲ. ಸಂಜೆ ಕ್ಯಾಂಪಿಗೆ ಹಿಂದಿರುಗುವಾಗ ಹೆಜ್ಜೆ ಹಗುರವಾಗಿತ್ತು.

ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಟೌನೋ ಮೂಲೆಯಲ್ಲಿ ಒದ್ದೆ ಕಾಲುಚೀಲ ಒಣಗಿಸುತ್ತಿದ್ದರು. ಕ್ಲೈಡ್ ಕೊನೆಗೆ ಬಂದವರು ಕೋಟು ಕೂಡ ತೆಗೆಯದೆ ಮೊಳೆಗೆ ತೂಗುಹಾಕಿದ್ದ ಕತ್ತರಿಯನ್ನು ಕೈಗೆ ತೆಗೆದುಕೊಂಡರು.

"ಟೌನೋನ ಮರೆ ದಾಟಿ ಬಂದೆ. ಏನು ಹೆಜ್ಜೆ ಮಾರಾಯ್ರೇ, ದನದ ಹೆಜ್ಜೆ ಥರ. ಇವನ ಮೂಗಿನ ಮುಂದೇನೇ ಬಂದು ನಿಂತು, ಉಚ್ಚೆ ಹೊಯ್ದು, ಆರಾಮಾಗಿ ಹೋಗಿದೆ. ಏಳು, ಅಂಗಿ ತಿರುಗಿಸು."

"ಹೊಡೆಯದೆ ಅಂಗಿ ಕತ್ತರಿಸೋ ಹಾಗಿಲ್ಲ" ಎಂದೆ ನಾನು, ಸ್ವಲ್ಪ ಜೋರಾಗಿಯೇ.

"ನೀನು ವಕೀಲನಾ? ಲೋ ಟೌನೋ, ನಿದ್ದೆ ಹೊಡೀತಿದ್ಯಾ?"

"ಇಲ್ಲ."

"ನೋಡಿದ್ಯಾ ಅದನ್ನ?"

"ನೋಡಿದೆ. ದೊಡ್ಡ ಕೊಂಬು."

"ಗೊತ್ತಾಯ್ತು ಬಿಡು. ಮಕ್ಕಳ ಕೋವಿ ಹಿಡ್ಕೊಂಡು ದೊಡ್ಡ ಕೊಂಬು ನೋಡಿ ಕೈಲಾಗಲಿಲ್ಲ. ನಾನು ಅವತ್ತೇ ಹೇಳ್ದೆ, ತರ್ಟಿ-ಆಟ್-ಸಿಕ್ಸ್ ಬಿಟ್ಟವನು ಕೆಟ್ಟ ಅಂತ." ಕ್ಲೈಡ್ ನನ್ನ ಕಡೆ ತಿರುಗಿದರು. "ಹೇಳೋ ಅಂಗಡಿಯವನೇ. ಅಷ್ಟು ಹತ್ರ ನಿಂತ ಜಿಂಕೆ ನಿನ್ನ ಟೂ-ಫಾರ್ಟಿ-ತ್ರೀಗೆ ಬೀಳತ್ತೋ ಇಲ್ವೋ?"

"ಬೀಳತ್ತೆ" ಎಂದುಬಿಟ್ಟೆ. ಸರಕನ್ನು ಬಿಟ್ಟುಕೊಡದೆ ಮಾತಾಡುವುದು ರೂಢಿಯಾಗಿಬಿಟ್ಟಿದೆ. ಮಾತು ಬಾಯಿಂದ ಹೊರಟ ಮೇಲೆ, ಟೌನೋಗೆ ಉಳಿದಿದ್ದ ಒಂದೇ ನೆಪವನ್ನೂ ನಾನೇ ಕಿತ್ತುಕೊಂಡೆ ಎಂದು ಹೊಳೆಯಿತು. ಅವರ ಕಡೆ ನೋಡಿದೆ. ಅವರು ಕಾಲುಚೀಲವನ್ನು ಮಗುಚಿ ಹಾಕುತ್ತಿದ್ದರು.

ಕ್ಲೈಡ್ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಹತ್ರ ಇತ್ತು. ನೀನು ಎಚ್ಚರ ಇದ್ದೆ. ಕಣ್ಣಾರೆ ನೋಡಿದೆ. ಮತ್ಯಾಕೆ ಹೊಡೀಲಿಲ್ಲ ಟೌನೋ?"

"ಗುಂಡು ಹಾಕಿರಲಿಲ್ಲ" ಎಂದರು ಟೌನೋ. "ತಂದೂ ಇಲ್ಲ."